ಕ್ಲಚ್ ಸುಟ್ಟವರಾರು?

ಕ್ಲಚ್ ಸುಡುವ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಮತ್ತೆ ಮರೆಯುವಂಥದ್ದಲ್ಲ. ಸೀದ ರಬ್ಬರೂ ಅಲ್ಲ, ಸುಟ್ಟ ಕಾಗದವೂ ಅಲ್ಲ, ಎರಡನ್ನೂ ಒಟ್ಟಿಗೆ ಹಂಚಿನ ಮೇಲೆ ಹಾಕಿದ ಹಾಗೆ. 2022ರ ದೀಪಾವಳಿಗೆ ಪುಣೆಯಿಂದ ಧಾರವಾಡಕ್ಕೆ ಹೊರಟಿದ್ದಾಗ ಖಂಬಾಟಕಿ ಘಾಟಿನಲ್ಲಿ ಆ ವಾಸನೆ ಬಂತು. ಹಬ್ಬಕ್ಕೆ ಊರಿಗೆ ಓಡುವ ನಮ್ಮಂಥ ಪುಣೆ ಕನ್ನಡಿಗರೆಲ್ಲರೂ ಬಲ್ಲ ಘಾಟು ಅದು. ಆಗ ಸಾತಾರಾ ಕಡೆಯಿಂದ ಪುಣೆಗೆ ಬರುವವರಿಗೆ ಸುರಂಗ, ಪುಣೆಯಿಂದ ಹೋಗುವವರಿಗೆ ಬೆಟ್ಟ ಹತ್ತುವ ಶಿಕ್ಷೆ. ಮುಂದೆ ಲಾರಿ, ಹಿಂದೆ ಲಾರಿ, ನಡುವೆ ನಮ್ಮ ಒಂಬತ್ತು ವರ್ಷದ ಹಳೆಯ ಸಣ್ಣ ಕಾರು. ಎಂಜಿನ್ ಕೂಗುತ್ತಿತ್ತು, ಗಾಡಿ ಏರುತ್ತಿರಲಿಲ್ಲ. ಬಾನೆಟ್ಟಿನ ಅಂಚಿನಿಂದ ತೆಳ್ಳಗೆ ಹೊಗೆ.

ಸ್ಟಿಯರಿಂಗ್ ಹಿಡಿದವನು ನಾನಲ್ಲ. ಸೊಸೈಟಿಯ ಕೋರ್ಟಿನಲ್ಲಿ ಬ್ಯಾಡ್ಮಿಂಟನ್ ಆಡಲು ಹೋಗಿ ನನ್ನ ಎಡ ಮೊಣಕಾಲಿನ ಲಿಗಮೆಂಟ್ ಹರಿದಿತ್ತು. ಆಪರೇಶನ್ ಆದ ಮೇಲೆ ಡಾಕ್ಟರು ಕ್ಲಚ್ ತುಳಿಯುವುದನ್ನು ಕೆಲವು ತಿಂಗಳು ಪೂರ್ತಿ ನಿಷೇಧಿಸಿದ್ದರು. ಹಾಗಾಗಿ ಹತ್ತು ವಾರದಿಂದ ಒಬ್ಬ ಹುಡುಗ ನಮ್ಮ ಗಾಡಿ ಓಡಿಸುತ್ತಿದ್ದ. ಇಪ್ಪತ್ತನಾಲ್ಕರ ವಯಸ್ಸು, ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಹಳ್ಳಿಯವನು. ಶಾಲೆ ಕಲಿತದ್ದು ಮರಾಠಿಯಲ್ಲಿ, ಮನೆಮಾತು ಕನ್ನಡ. ಪರವೂರಿನಲ್ಲಿ ಕನ್ನಡದ ಡ್ರೈವರ್ ಸಿಕ್ಕನೆಂದು ನನಗೂ ನನ್ನ ಹೆಂಡತಿಗೂ ಖುಷಿಯೇ ಖುಷಿ. ಅವಳನ್ನು ಅವನು ಅಕ್ಕಾ ಅನ್ನುತ್ತಿದ್ದ.

ಘಾಟಿನಲ್ಲಿ ನಾನು ಅವನಿಗೆ ಅಂದದ್ದು ಇಷ್ಟು: "ಹಾಫ್ ಕ್ಲಚ್ ಮ್ಯಾಲೆ ಹೊಡಿಯಾಕತ್ತೀಯೇನೋ?"

"ಇಲ್ರಿ ಸರ, ಕಾಲ ಪೂರ್ತಿ ತಗದೀನ್ರಿ. ಗಾಡೀನ ಎಳೀವಲ್ದು."

ಗಾಡಿಯೇ ಎಳೆಯುತ್ತಿಲ್ಲ ಎಂಬ ಆ ಮಾತು, ಈಗ ಯೋಚಿಸಿದರೆ, ಲಕ್ಷಣದ ಅತ್ಯಂತ ನಿಖರವಾದ ವರ್ಣನೆ. ಆಗ ನನ್ನ ಕಿವಿಗೆ ಅದು ನೆಪದಂತೆ ಕೇಳಿಸಿತು.

ಮುಂದಿನದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಗಾಡಿ ಆರಿಸಿ, ತೆವಳಿಸಿ, ಹೇಗೋ ಸಾತಾರಾ ಮುಟ್ಟಿಸಿದೆವು. ಅಲ್ಲಿಂದ ನಾವು ಬಸ್ ಹತ್ತಿದೆವು, ಕಾರು ಟೋಯಿಂಗ್ ಗಾಡಿಯ ಮೇಲೆ ಪುಣೆಗೆ ವಾಪಸಾಯಿತು. ದೊಡ್ಡ ಸರ್ವಿಸ್ ಸೆಂಟರ್ ಒಂದರಲ್ಲಿ ಕ್ಲಚ್ ಸೆಟ್ ಬದಲಾಯಿಸಿದರು. ಹನ್ನೊಂದು ಸಾವಿರ ಚಿಲ್ಲರೆ ಬಿಲ್ಲು. ಕೌಂಟರಿನಲ್ಲಿದ್ದವನು, "ಡ್ರೈವಿಂಗ್ ಹ್ಯಾಬಿಟ್ ಸರ್, ಬೇರೆ ಏನೂ ಅಲ್ಲ" ಅಂದ. ನನಗೆ ಬೇಕಾದ ಮಾತನ್ನೇ ಅಂದ. ಹಬ್ಬ ಮುಗಿಸಿ ಬಂದವನೇ ಹುಡುಗನನ್ನು ಬಿಡಿಸಿದೆ. ಕೊನೆಯ ಸಂಬಳದಲ್ಲಿ ನಾಲ್ಕು ಸಾವಿರ ಮುರಿದುಕೊಂಡೆ. ಅಷ್ಟಕ್ಕೇ ಬಿಡದೆ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಎರಡು ಸಾಲು ಹಾಕಿದೆ: ಇಂಥ ಹುಡುಗ, ಗಾಡಿ ಒರಟಾಗಿ ಓಡಿಸುತ್ತಾನೆ, ಕೆಲಸಕ್ಕೆ ಇಟ್ಟುಕೊಳ್ಳುವವರು ನೋಡಿ ಇಟ್ಟುಕೊಳ್ಳಿ. ಬೇರೆಯವರಿಗೆ ಉಪಕಾರವಾಗಲಿ ಎಂದೇ ಹಾಕಿದ್ದೆ, ಅದರಲ್ಲಿ ಸುಳ್ಳಿಲ್ಲ. ಅವನು ನಮ್ಮ ಕಟ್ಟಡದಲ್ಲೇ ಬೆಳಿಗ್ಗೆ ಎರಡು ಕಾರು ತೊಳೆಯುತ್ತಿದ್ದ. ಭಾನುವಾರ ಒಬ್ಬ ವಯಸ್ಸಾದ ದಂಪತಿಯ ಕಾರು ಓಡಿಸುತ್ತಿದ್ದ. ವಾರದೊಳಗೆ ಅವೂ ಹೋದವೆಂದು ವಾಚ್‌ಮನ್ ಹೇಳಿದ. ಪಾಪ ಅನ್ನಿಸಿತು. ತಪ್ಪು ಮಾಡಿದೆ ಅನ್ನಿಸಲಿಲ್ಲ.

ಹದಿನಾಲ್ಕು ತಿಂಗಳ ಮೇಲೆ, 2024ರ ಜನವರಿಯ ಒಂದು ಸಂಜೆ, ಹಿಂಜೆವಾಡಿಯಿಂದ ಬರುವಾಗ ಭೂಮ್ಕರ್ ಚೌಕದ ಜಾತ್ರೆಯಲ್ಲಿ ಅದೇ ವಾಸನೆ. ಈ ಸಲ ಸ್ಟಿಯರಿಂಗ್ ಹಿಡಿದವನು ನಾನು. ಹಿಂದಿನ ಹನ್ನೊಂದು ತಿಂಗಳೂ ನಾನೇ.

ಸರ್ವಿಸ್ ಸೆಂಟರಿಗೆ ಮತ್ತೆ ಹೋಗಲು ಮನಸ್ಸಾಗಲಿಲ್ಲ. ಪಕ್ಕದ ಕಟ್ಟಡದ ಕಲಬುರಗಿಯವರೊಬ್ಬರು ಒಬ್ಬ ಮಿಸ್ತ್ರಿಯ ಹೆಸರು ಹೇಳಿದರು. ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು, ಇಪ್ಪತ್ತು ವರ್ಷದಿಂದ ಪುಣೆಯಲ್ಲಿದ್ದಾರೆ. ತಗಡಿನ ಶೆಡ್ಡು, ಒಂದು ಲಿಫ್ಟು, ಇಬ್ಬರು ಹುಡುಗರು. ಗಾಡಿ ಒಳಗೆ ಬಿಟ್ಟ ಕೂಡಲೇ ಬಾನೆಟ್ ಎತ್ತುತ್ತಾರೆಂದು ನಾನು ಕಾದೆ. ಅವರು ಸ್ಟೂಲ್ ಎಳೆದುಕೊಂಡು ಕೂತರು.

"ಏನಾಗ್ತೈತಿ ಹೇಳ್ರಿ ಮೊದಲ."

"ಕ್ಲಚ್ ಸುಟ್ಟೈತಿ."

"ಅದನ್ನ ನಾ ಹೇಳತೇನ್ರಿ. ನೀವು ಏನಾಗ್ತೈತಿ ಅಷ್ಟ ಹೇಳ್ರಿ."

ನಾನು ಬಿ.ಇ. ಮಾಡಿದ್ದು ಮೆಕ್ಯಾನಿಕಲ್ಲು, ಎಂ.ಟೆಕ್ಕೂ ಅದರ ಆಸುಪಾಸೇ. ಹೊಟ್ಟೆಪಾಡಿಗೆ ಸಾಫ್ಟ್‌ವೇರಿಗೆ ಜಿಗಿದವನು. ಮೆಷಿನ್ ಡಿಸೈನ್ ಪತ್ರಿಕೆಯಲ್ಲಿ ಕ್ಲಚ್ಚಿನ ಲೆಕ್ಕಗಳನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬಿಡಿಸುತ್ತಿದ್ದೆ. ಹೊಸ ಪ್ಲೇಟಿನಲ್ಲಿ ಒತ್ತಡ ಎಲ್ಲ ಕಡೆ ಸಮ ಎಂದು ಹಿಡಿಯಬೇಕು. ಬಳಸಿ ಪಳಗಿದ ಪ್ಲೇಟಿನಲ್ಲಿ ಸವೆತ ಎಲ್ಲ ಕಡೆ ಸಮ ಎಂದು ಹಿಡಿಯಬೇಕು. ಎರಡನೆಯದು ಕಡಿಮೆ ಟಾರ್ಕ್ ಕೊಡುವುದರಿಂದ ಡಿಸೈನಿಗೆ ಅದೇ ಕ್ಷೇಮ. ಸವೆತವೆಂಬುದು ಒತ್ತಡ ಮತ್ತು ಜಾರುವ ವೇಗಗಳ ಗುಣಲಬ್ಧಕ್ಕೆ ತಕ್ಕಂತೆ. ಇಷ್ಟೆಲ್ಲ ಗೊತ್ತಿದ್ದೂ, ಮಿಸ್ತ್ರಿ ಕೇಳಿದ ನಾಲ್ಕು ಪ್ರಶ್ನೆಗಳಲ್ಲಿ ಒಂದನ್ನೂ ನಾನು ನನಗೇ ಕೇಳಿಕೊಂಡಿರಲಿಲ್ಲ.

ಮೊದಲನೆಯದು: ಎಂಜಿನ್ ಸದ್ದು ಏರಿ ಗಾಡಿ ಓಡದೆ ಇರುವುದು ಯಾವ ಗೇರಿನಲ್ಲಿ? ಕ್ಲಚ್ ಜಾರತೊಡಗಿದರೆ ಅದು ಮೊದಲು ಕಾಣುವುದು ಮೇಲಿನ ಗೇರಿನಲ್ಲಿ, ಭಾರ ಬಿದ್ದಾಗ, ಏರಿನಲ್ಲಿ. ನಾಲ್ಕನೆಯ ಗೇರಿನಲ್ಲಿ ಎಕ್ಸಲರೇಟರ್ ಒತ್ತಿದಾಗ ಟ್ಯಾಕೋಮೀಟರಿನ ಮುಳ್ಳು ಹಾರಿ, ಸ್ಪೀಡಿನ ಮುಳ್ಳು ಕೂತಲ್ಲೇ ಕೂತಿದ್ದರೆ ಜಾರುತ್ತಿದೆ ಎಂದರ್ಥ. ಎರಡನೆಯದು: ಗೇರು ಸಲೀಸಾಗಿ ಬೀಳುತ್ತದೆಯೇ, ರಿವರ್ಸ್ ಹಾಕಿದರೆ ಕರ್ ಎನ್ನುತ್ತದೆಯೇ? ಎಂಜಿನ್ ನಿಲ್ಲಿಸಿದಾಗ ಸುಲಭವಾಗಿ ಬೀಳುವ ಗೇರು ಎಂಜಿನ್ ಚಾಲೂ ಇದ್ದಾಗ ಬೀಳದಿದ್ದರೆ ದೋಷ ಹೆಚ್ಚಾಗಿ ಗೇರ್‌ಬಾಕ್ಸಿನದಲ್ಲ. ಕ್ಲಚ್ ಪೂರ್ತಿ ಬಿಡುತ್ತಿಲ್ಲ, ಅಂಟಿಕೊಂಡಿದೆ. ಜಾರುವುದಕ್ಕೆ ಇದು ತದ್ವಿರುದ್ಧವಾದ ಕಾಯಿಲೆ. ಆದರೆ ಎರಡಕ್ಕೂ ಗಿರಾಕಿ ಹೇಳುವುದು ಒಂದೇ ಮಾತು, ಕ್ಲಚ್ ಹೋಗಿದೆ ಅಂತ. ಮೂರನೆಯದು ನನಗೆ ಬಹಳ ಹಿಡಿಸಿತು.

"ಸಪ್ಪಳ ಪೆಡಲ್ ಒತ್ತಿದ್ರ ಬರತೈತೋ, ಬಿಟ್ರ ಬರತೈತೋ?"

ಒತ್ತಿದಾಗ ಬಂದರೆ ರಿಲೀಸ್ ಬೇರಿಂಗ್ ಸಂಶಯ. ನ್ಯೂಟ್ರಲ್ಲಿನಲ್ಲಿ ಪೆಡಲ್ ಬಿಟ್ಟಾಗ ಬಂದು, ಒತ್ತಿದೊಡನೆ ಮಾಯವಾದರೆ ಗೇರ್‌ಬಾಕ್ಸಿನೊಳಗೆ ಹೋಗುವ ಶಾಫ್ಟಿನ ಬೇರಿಂಗ್. ಪಕ್ಕದ ಸೀಟಿನಲ್ಲಿ ಕೂತವನಿಗೆ ಎರಡೂ ಬರೀ ಸದ್ದು. ಯಾವಾಗ ನಿಲ್ಲುತ್ತದೆ ಎಂದು ಕೇಳಿದವನಿಗೆ ಮಾತ್ರ ಅವು ಬೇರೆ ಬೇರೆ. ಬರುವ ಸದ್ದಿಗೆ ಎಲ್ಲರೂ ಕಿವಿ ಕೊಡುತ್ತಾರೆ, ನಿಂತ ಸದ್ದನ್ನು ಗಮನಿಸುವವರು ಕಡಿಮೆ. ನಾಲ್ಕನೆಯದು ಕೇಬಲ್ಲಿನದು: ಪೆಡಲ್ ಮೇಲಿನಿಂದ ಒತ್ತಿದಾಗ ಮೊದಲ ಸ್ವಲ್ಪ ದೂರ ಪೊಳ್ಳಾಗಿ ಹೋಗುತ್ತದೆಯೇ? ನಮ್ಮದು ಕೇಬಲ್ ಕ್ಲಚ್. ಆ ಪೊಳ್ಳು ಚೂರೂ ಇಲ್ಲದಂತೆ ಯಾರಾದರೂ ಬಿಗಿದಿಟ್ಟಿದ್ದರೆ ಗಾಡಿ ಸದಾ ಅರೆ ಕ್ಲಚ್ಚಿನಲ್ಲೇ ಓಡುತ್ತಿರುತ್ತದೆ. ಪೆಡಲಿನ ಮೇಲೆ ಯಾರ ಕಾಲೂ ಇರುವುದಿಲ್ಲ. ಪ್ಲೇಟು ಮಾತ್ರ ಸವೆಯುತ್ತಿರುತ್ತದೆ.

ಆಮೇಲೆ ಒಂದು ಪರೀಕ್ಷೆ. ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ನಾಲ್ಕನೆಯ ಗೇರ್ ಹಾಕಿ, ಸ್ವಲ್ಪ ರೇಸ್ ಕೊಟ್ಟು ಕ್ಲಚ್ ಬಿಟ್ಟರು. ಕ್ಲಚ್ ಗಟ್ಟಿಯಿದ್ದರೆ ಎಂಜಿನ್ ತಟ್ಟನೆ ಬಂದ್ ಬೀಳಬೇಕು. ನಮ್ಮ ಗಾಡಿ ಏನೂ ಆಗದವರಂತೆ ಗುಂಯ್‌ಗುಡುತ್ತಲೇ ಇತ್ತು. ಇನ್ನೊಮ್ಮೆ ನೋಡೋಣ ಅಂದೆ.

"ಒಮ್ಮೆ ಸಾಕ್ರಿ. ಇದನ್ನ ಮತ್ತ ಮತ್ತ ಮಾಡಬಾರ್ದು. ಸುಟ್ಟೈತೇನು ನೋಡಾಕ ಹೋಗಿ ನಾವ ಸುಟ್ಟಂಗ ಆಕ್ಕೈತಿ."

ಆಯುರ್ವೇದದಲ್ಲಿ ಮಾಧವನಿದಾನ ಎಂಬ ಗ್ರಂಥವಿದೆ. ಅದರಲ್ಲಿ ಚಿಕಿತ್ಸೆಯೇ ಇಲ್ಲ, ರೋಗವನ್ನು ಗುರುತಿಸುವುದಷ್ಟೇ ವಿಷಯ. ಹುಡುಗನಾಗಿದ್ದಾಗ ಮನೆಗೆ ಬರುತ್ತಿದ್ದ ವೈದ್ಯರೊಬ್ಬರಿಂದ ಅದನ್ನು ಕೇಳಿ, ಮದ್ದಿಲ್ಲದ ವೈದ್ಯಗ್ರಂಥ ಯಾರಿಗೆ ಬೇಕು ಅಂದುಕೊಂಡಿದ್ದೆ. ಸ್ಟೂಲಿನ ಮೇಲೆ ಕೂತ ಮಿಸ್ತ್ರಿಯನ್ನು ನೋಡಿದಾಗ ಅದರ ಬೆಲೆ ತಿಳಿಯಿತು. (ನಮ್ಮ ಕಡೆಯ ಉಚ್ಚಾರದಲ್ಲಿ ನಿದಾನಕ್ಕೂ ನಿಧಾನಕ್ಕೂ ಅಂಥ ವ್ಯತ್ಯಾಸವೇನೂ ಇಲ್ಲ. ಅವರಿಗಂತೂ ಎರಡೂ ಒಂದೇ.)

ಗೇರ್‌ಬಾಕ್ಸ್ ಕೆಳಗಿಳಿಸಲು ಅರ್ಧ ದಿನ ಹಿಡಿಯಿತು. ಶನಿವಾರ, ನಾನು ಅಲ್ಲೇ ಕೂತಿದ್ದೆ. ಪ್ಲೇಟನ್ನು ತಂದು ನನ್ನ ಕೈಗಿಟ್ಟರು. ಹದಿನಾಲ್ಕು ತಿಂಗಳಿಗೇ ಸವೆದು ರಿವೆಟ್ಟು ಮುಟ್ಟಿರಬೇಕೆಂದು ನನ್ನ ಲೆಕ್ಕ. ಲೈನಿಂಗ್ ಇನ್ನೂ ದಪ್ಪವಿತ್ತು, ರಿವೆಟ್ಟುಗಳು ಆಳದಲ್ಲಿ ಬೆಚ್ಚಗಿದ್ದವು. ಆದರೆ ಮೈಯೆಲ್ಲ ಕಪ್ಪು, ಜಿಡ್ಡು ಜಿಡ್ಡು.

"ಇದು ಸವದದ್ದಲ್ರಿ, ತೊಯ್ದದ್ದು."

ಬೆರಳಿನಿಂದ ಒರೆಸಿ ಮೂಸಿದರು, ನನಗೂ ಮೂಸಲು ಕೊಟ್ಟರು. ಗೇರ್ ಎಣ್ಣೆಯಾಗಿದ್ದರೆ ಗಂಧಕದ ನಾತ ಹೊಡೆಯುತ್ತಿತ್ತು; ಇದು ಎಂಜಿನ್ ಎಣ್ಣೆ. ಕ್ರ್ಯಾಂಕ್‌ಶಾಫ್ಟ್ ಎಂಜಿನ್ನಿನಿಂದ ಹೊರಬಂದು ಫ್ಲೈವ್ಹೀಲಿಗೆ ಸೇರುವ ಜಾಗದಲ್ಲಿ ಒಂದು ರಬ್ಬರ್ ಸೀಲ್ ಇರುತ್ತದೆ. ವರ್ಷಗಳು ಕಳೆದಂತೆ ಅದು ಗಟ್ಟಿಯಾಗಿ ಎಣ್ಣೆ ಒಸರತೊಡಗುತ್ತದೆ. ಒಸರಿದ್ದು ಕ್ಲಚ್ಚಿನ ಗೂಡಿಗೇ ಬೀಳುತ್ತದೆ. ಎಣ್ಣೆ ಕುಡಿದ ಪ್ಲೇಟು ಎಷ್ಟೇ ದಪ್ಪವಿದ್ದರೂ ಹಿಡಿಯುವುದಿಲ್ಲ. ಜಾರುತ್ತದೆ, ಜಾರಿದಷ್ಟೂ ಕಾಯುತ್ತದೆ, ಕಾದಷ್ಟೂ ಸುಟ್ಟ ವಾಸನೆ. ಸೀಲಿನ ಬೆಲೆ ಕೆಲವೇ ನೂರು ರೂಪಾಯಿ. ಅದನ್ನು ಮುಟ್ಟಲು ಗೇರ್‌ಬಾಕ್ಸ್ ಇಳಿಸಬೇಕು ಅಷ್ಟೆ. ಇಳಿಸಿದವರು ಅದನ್ನೂ ಒಮ್ಮೆ ನೋಡುವುದು ವಾಡಿಕೆ.

ಫೋನಿನಲ್ಲಿ ಹಳೆಯ ಬಿಲ್ಲು ಹುಡುಕಿದೆ. ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್, ಮಜೂರಿ. ಸೀಲ್ ಇಲ್ಲ.

"ಹಂಗಾರ ಅವಾಗೂ ಇದ ಆಗಿತ್ತೇನು?" ಎಂದು ಕೇಳಿದೆ. ಇಷ್ಟು ಹೊತ್ತು ಕೇಳಬೇಕೆಂದು ಹೆದರುತ್ತಿದ್ದ ಪ್ರಶ್ನೆ.

"ಹಳೇ ಪ್ಲೇಟ್ ಇದ್ರ ಹೇಳತಿದ್ದೆ. ಇಸ್ಕೊಂಡೀರೇನು?"

ಇಸಿದುಕೊಂಡಿರಲಿಲ್ಲ. ನೋಡಿಯೂ ಇರಲಿಲ್ಲ. ಅದು ಎಂದೋ ಗುಜರಿಗೆ ಹೋಗಿ ಕರಗಿರಬೇಕು. ಆಮೇಲೆ ಮಿಸ್ತ್ರಿ ಫ್ಲೈವ್ಹೀಲಿನ ಮೇಲೆ ಟಾರ್ಚ್ ಬಿಟ್ಟರು. ಅಲ್ಲಲ್ಲಿ ನೀಲಿಗಟ್ಟಿದ ಮಚ್ಚೆಗಳು. ಕಬ್ಬಿಣ ವಿಪರೀತ ಕಾದು ಆರಿದ ಗುರುತು. ಇವು ಕೂಡ ಎಣ್ಣೆಯಿಂದಲೋ? ಸ್ವಲ್ಪ ಹಾಗೂ ಇರಬಹುದು, ಆದರೆ ಬಹಳ ಮಟ್ಟಿಗೆ ಕಾಲಿನ ಕೆಲಸ, ಅರ್ಧ ಒತ್ತಿಟ್ಟುಕೊಂಡು ಓಡಿಸುವ ಕಾಲು, ಅಂದರು. ಕಳೆದ ಸಲ ಫ್ಲೈವ್ಹೀಲ್ ಬದಲಾಯಿಸಿರಲಿಲ್ಲವಾದ್ದರಿಂದ ಅದರ ಮೇಲೆ ಹತ್ತು ವರ್ಷದ ಚರಿತ್ರೆಯೇ ಇತ್ತು.

"ಯಾರ ಕಾಲಿಂದು?"

"ಅದನ್ನ ಕಬ್ಬಿಣ ಹೇಳಂಗಿಲ್ರಿ," ಅಂದವರು ತುಸು ಹೊತ್ತು ಬಿಟ್ಟು, ಒಳಗೆ ಬಗ್ಗಿ ಕ್ಲಚ್ ಪೆಡಲಿನ ರಬ್ಬರ್ ತೋರಿಸಿದರು. ಬಲ ಅಂಚು ಹೊಸದರಂತೆ, ಎಡ ಅಂಚು ಸವೆದು ನುಣ್ಣಗೆ. "ಟ್ರಾಫಿಕ್ಕಿನ್ಯಾಗ ನಿಮ್ಮ ಎಡಗಾಲ ಎಲ್ಲಿರತೈತಿ?"

ನಮ್ಮ ಗಾಡಿಯಲ್ಲಿ ಎಡಗಾಲಿಗೆ ವಿಶ್ರಾಂತಿಯ ಪಟ್ಟಿ ಇಲ್ಲ. ಹಿಂಜೆವಾಡಿಯಿಂದ ವಾಕಡ್ ತನಕದ ನಾಲ್ಕಾರು ಕಿಲೋಮೀಟರ್ ಸಂಜೆ ಮುಕ್ಕಾಲು ಗಂಟೆ. ಆ ಹೊತ್ತಿನಲ್ಲೇ ಅಮೆರಿಕದವರ ಕಾಲ್. ಕಿವಿಯಲ್ಲಿ ಇಯರ್‌ಫೋನ್, ಬಾಯಲ್ಲಿ ಪ್ರಾಜೆಕ್ಟ್ ಪ್ಲಾನ್. ಕಾಲು ಎಲ್ಲಿರುತ್ತಿತ್ತು ಎಂಬುದನ್ನು ನಾನು ಒಂಬತ್ತು ವರ್ಷದಲ್ಲಿ ಒಂದು ದಿನವೂ ಗಮನಿಸಿರಲಿಲ್ಲ. ರಬ್ಬರ್ ಗಮನಿಸಿತ್ತು.

ಒಂಬತ್ತು ವರ್ಷ ನಾನು, ಹತ್ತು ವಾರ ಅವನು. ಅದರ ಮೇಲೆ ಒಂದು ಸೀಲು. ಇದರಲ್ಲಿ ಯಾರ ಪಾಲು ಎಷ್ಟು? ಪರೀಕ್ಷೆಯಲ್ಲಿ ನಾನು ಬರೆಯುತ್ತಿದ್ದ ಸವೆತದ ಸಮೀಕರಣದಲ್ಲಿ ಒತ್ತಡಕ್ಕೆ ಒಂದು ಅಕ್ಷರವಿತ್ತು, ತ್ರಿಜ್ಯಕ್ಕೆ ಒಂದು ಅಕ್ಷರವಿತ್ತು. ಕಾಲು ಯಾರದು ಎಂಬುದಕ್ಕೆ ಅಕ್ಷರವಿರಲಿಲ್ಲ.

ಆ ರಾತ್ರಿಯಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ ಇದು. ಕನ್ನಡದಲ್ಲಿ ಯಂತ್ರದಲ್ಲಿ ಇರುವುದಕ್ಕೂ ದೋಷ ಎನ್ನುತ್ತೇವೆ, ಮನುಷ್ಯನ ಮೇಲೆ ಹೊರಿಸುವುದಕ್ಕೂ ದೋಷ ಎನ್ನುತ್ತೇವೆ. ಷಕಾರಕ್ಕೆ ಒಂದು ಗುಡಿಸು ಕೊಟ್ಟರೆ ದೋಷ ಹೋಗಿ ದೋಷಿ ಬರುತ್ತಾನೆ. ಘಾಟಿನಲ್ಲಿ ನಾನು ಮಾಡಿದ್ದು ಅದನ್ನೇ. ದೋಷವನ್ನು ಹುಡುಕುವ ಮೊದಲೇ ದೋಷಿಯನ್ನು ಹುಡುಕಿದೆ. ದೋಷಿ ಸಿಕ್ಕ ಮೇಲೆ ದೋಷವನ್ನು ಹುಡುಕುವ ಕೆಲಸ ನಿಂತೇಹೋಯಿತು. ಸೀಲ್ ಅಲ್ಲೇ ಒಸರುತ್ತ ಕೂತಿತು. ಅಂದರೆ ನನ್ನ ಅನ್ಯಾಯ ನನ್ನ ಗಾಡಿಗೂ ಒಳ್ಳೆಯದು ಮಾಡಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆಯಲ್ಲಿ ನಾವು ಎಮ್ಮೆಗಾಗಿ ಮರುಗುತ್ತೇವೆ. ಎತ್ತಿನ ಜ್ವರ ಹಾಗೇ ಉಳಿಯಿತು ಎಂಬುದೂ ಅದರಲ್ಲೇ ಇದೆ.

ನ್ಯಾಯಶಾಸ್ತ್ರದವರ ಅನುಮಾನಕ್ಕೆ ಬೆಟ್ಟದ ಮೇಲಿನ ಹೊಗೆಯೇ ಹಳೆಯ ಉದಾಹರಣೆ: ಹೊಗೆ ಇದೆ, ಆದ್ದರಿಂದ ಬೆಂಕಿ ಇದೆ. ನಾನು ನಿಜಕ್ಕೂ ಬೆಟ್ಟದ ಮೇಲೆಯೇ ಇದ್ದೆ, ಹೊಗೆಯೂ ಇತ್ತು. ಆದರೆ ಅದೇ ನೈಯಾಯಿಕರು ಅದನ್ನು ತಿರುವಿ ಹಾಕಬಾರದೆಂದೂ ಎಚ್ಚರಿಸಿದ್ದಾರೆ. ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುವುದಿಲ್ಲ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆ ಬರಬೇಕಾದರೆ ಹಸಿ ಸೌದೆ ಸೇರಬೇಕು. ಹೀಗೆ ನಡುವೆ ನುಸುಳಿ ಸಂಬಂಧವನ್ನು ಷರತ್ತಿಗೆ ಒಳಪಡಿಸುವುದಕ್ಕೆ ಅವರು ಉಪಾಧಿ ಎನ್ನುತ್ತಾರೆ. ಹಾಫ್ ಕ್ಲಚ್ಚಿನಿಂದ ಪ್ಲೇಟ್ ಸುಡುತ್ತದೆ, ನಿಜ. ಪ್ಲೇಟ್ ಸುಟ್ಟಿದೆ, ಆದ್ದರಿಂದ ಹಾಫ್ ಕ್ಲಚ್ಚು ಅಂದೆ. ಎಣ್ಣೆ ಒಸರಿರಬಹುದು, ಕೇಬಲ್ ಬಿಗಿದಿರಬಹುದು, ಪ್ರೆಷರ್ ಪ್ಲೇಟಿನ ಸ್ಪ್ರಿಂಗ್ ದಣಿದಿರಬಹುದು, ಲೈನಿಂಗ್ ಸುಮ್ಮನೆ ವಯಸ್ಸಾಗಿ ಸವೆದಿರಬಹುದು. ಸುಟ್ಟ ವಾಸನೆ ಈ ಎಲ್ಲ ಮನೆಗಳಿಂದಲೂ ಬರುತ್ತದೆ. ನಾನು ಹೋದದ್ದು ಬಾಗಿಲಿಗೆ ಚಿಲಕವಿಲ್ಲದ ಮನೆಗೆ.

ಸರಿಯಾಗಿ ಹೇಳಬೇಕೆಂದರೆ ಇದು ತರ್ಕದ ತಪ್ಪಷ್ಟೇ ಅಲ್ಲ. ಸ್ಟಿಯರಿಂಗ್ ಹಿಡಿದಿದ್ದವನು ನನ್ನ ಮಾವನವರಾಗಿದ್ದರೆ? ಆಗ ನಾನು ಕೇಬಲ್ ನೋಡಿಸುತ್ತಿದ್ದೆ, ಎಣ್ಣೆ ನೋಡಿಸುತ್ತಿದ್ದೆ, ಹಳೆಯ ಪ್ಲೇಟು ಕೇಳಿ ಇಸಿದುಕೊಳ್ಳುತ್ತಿದ್ದೆ. ಅವರ ಮುಂದೆ ತೀರ್ಪಿಗೆ ಬೆಲೆ ತೆರಬೇಕಾಗುತ್ತಿತ್ತು, ಆದ್ದರಿಂದ ತನಿಖೆ ಮಾಡುತ್ತಿದ್ದೆ. ಹುಡುಗನ ವಿಷಯದಲ್ಲಿ ತೀರ್ಪು ಅಗ್ಗವಾಗಿ ಸಿಕ್ಕಿತು, ತೆಗೆದುಕೊಂಡೆ.

ನಾನು ಹೊಟ್ಟೆ ಹೊರೆಯುವ ಜಗತ್ತಿನಲ್ಲಿ ಇದಕ್ಕೆ ಮದ್ದು ಕಂಡುಹಿಡಿದಿದ್ದೇವೆಂದು ಹೇಳಿಕೊಳ್ಳುತ್ತೇವೆ. ಪ್ರೊಡಕ್ಷನ್ ಬಿದ್ದರೆ ಮರುದಿನ ಬ್ಲೇಮ್‌ಲೆಸ್ ಪೋಸ್ಟ್‌ಮಾರ್ಟಮ್. ಯಾರ ಹೆಸರೂ ಬರುವಂತಿಲ್ಲ, ವ್ಯವಸ್ಥೆಯಲ್ಲಿ ಏನು ತಪ್ಪಿತು ಎಂಬುದಷ್ಟೇ ಪ್ರಶ್ನೆ. ಒಳ್ಳೆಯ ಪದ್ಧತಿ, ಅಂಥ ಎಷ್ಟೋ ವರದಿಗಳನ್ನು ನಾನೇ ಬರೆದಿದ್ದೇನೆ. ಒಮ್ಮೆ ಶುಕ್ರವಾರ ರಾತ್ರಿ ಪೇಮೆಂಟ್ ನಿಂತಿತು. ಕೊನೆಯ ಬದಲಾವಣೆ ಹಾಕಿದವಳು ಎರಡು ವರ್ಷದ ಅನುಭವದ ಹುಡುಗಿ. ರಾತ್ರಿಯಿಡೀ ಅವಳ ಕೋಡ್ ಕೆದಕಿದೆವು. ಬೆಳಗಿನ ಜಾವ ತಿಳಿದದ್ದು, ಒಂದು ಸರ್ಟಿಫಿಕೇಟಿನ ಅವಧಿ ಮುಗಿದಿದೆ. ಅದರ ನೆನಪೋಲೆಗಳು ಕೆಲಸ ಬಿಟ್ಟುಹೋದ ಒಬ್ಬರ ಅಂಚೆಗೆ ಹೋಗಿ ಬೀಳುತ್ತಿದ್ದವು. ವರದಿಯಲ್ಲಿ ಯಾರ ಹೆಸರೂ ಇರಲಿಲ್ಲ. ಆದರೆ ವರ್ಷದ ಕೊನೆಗೆ ಅವಳ ರೇಟಿಂಗ್ ಮಾತಾಡುವಾಗ ಮೇಜಿನ ಸುತ್ತ ಕೂತವರಲ್ಲಿ ಒಬ್ಬರು, "ಆ ಶುಕ್ರವಾರದವಳಲ್ಲವೇ?" ಅಂದರು. ಅಲ್ಲ, ತಪ್ಪು ಅವಳದಾಗಿರಲಿಲ್ಲ ಎಂದು ನಾನು ಹೇಳಿದೆ. ಹೇಳಿದ್ದು ಮೆತ್ತಗೆ. ಮುಟ್ಟಿದ್ದು ಕೊನೆಗೆ ಯಾರು ಎಂಬುದು ಕಾಗದದಿಂದ ಅಳಿಸಿದರೂ ತಲೆಯಿಂದ ಅಳಿಯುವುದಿಲ್ಲ.

ಈ ಪದ್ಧತಿಯ ಬಗ್ಗೆ ನನಗೆ ಈಗ ಇನ್ನೊಂದು ಗುಮಾನಿಯೂ ಇದೆ. ದೋಷಿಯೇ ಇಲ್ಲವೆಂದ ಮೇಲೆ ಕ್ಷಮೆ ಕೇಳುವವನೂ ಇರಬೇಕಾಗಿಲ್ಲ. ಮೇಲೆ ಕೂತವರಿಗೆ ಇದು ಬಲು ಆರಾಮ. ಮಿಸ್ತ್ರಿ ಹಾಗೆ ಮಾಡಲಿಲ್ಲ. ಸೀಲಿನದ್ದು ಸೀಲಿಗೆ, ಕಾಲಿನದ್ದು ಕಾಲಿಗೆ ಎಂದು ಬೇರೆ ಮಾಡಿ, ಕಾಲು ನನ್ನದಿರಬಹುದೆಂದು ಮುಖಕ್ಕೇ ಹೇಳಿದರು. ಹುಡುಗ ನಿಜವಾಗಿ ಕ್ಲಚ್ ಸುಟ್ಟಿದ್ದರೆ ಅದನ್ನೂ ಹಾಗೇ ಹೇಳುತ್ತಿದ್ದರು. ಯಾರನ್ನೂ ದೂರದಿರುವುದು ಒಂದು ಸೌಜನ್ಯವಿರಬಹುದು, ನಿದಾನವಂತೂ ಅಲ್ಲ.

ಆಫೀಸಿನ ಗೆಳೆಯನೊಬ್ಬನಿಗೆ ಇದನ್ನೆಲ್ಲ ಹೇಳಿದೆ. ಅವನದು ನೇರ ವಾದ: ಆ ಹೊತ್ತಿಗೆ ನಿನಗೆ ಇದ್ದ ಮಾಹಿತಿಯ ಮೇಲೆ ನಿರ್ಧಾರ ಮಾಡಿದೆ, ಸರ್ವಿಸ್ ಸೆಂಟರೂ ಅದನ್ನೇ ಹೇಳಿತು, ಇನ್ನೇನು ಮಾಡಬೇಕಿತ್ತು? ಅದರ ಮೇಲೆ, ಮೊದಲನೆಯ ಸಲ ಎಣ್ಣೆಯೇ ಕಾರಣ ಎಂದು ಈಗಲೂ ನಿನಗೆ ಖಚಿತವಿಲ್ಲವಲ್ಲ! ಎರಡನೆಯ ಮಾತು ನಿಜ. ಖಚಿತವಿಲ್ಲ, ಇನ್ನು ಖಚಿತವಾಗುವ ದಾರಿಯೂ ಇಲ್ಲ. ಹುಡುಗ ನಿರ್ದೋಷಿ ಎಂದು ಪ್ರಮಾಣ ಮಾಡಲು ನನ್ನಿಂದಾಗದು. ಆದರೆ ನನ್ನ ತಪ್ಪು ನಿಂತಿರುವುದು ಅವನ ನಿರ್ದೋಷಿತ್ವದ ಮೇಲಲ್ಲ. ಅವನೇ ಸುಟ್ಟಿದ್ದರೂ, ನಾನು ಅದನ್ನು ತಿಳಿದು ಶಿಕ್ಷಿಸಲಿಲ್ಲ, ತಿಳಿಯದೆ ಶಿಕ್ಷಿಸಿದೆ. ಮೊದಲನೆಯ ಮಾತಿಗೆ ಉತ್ತರ ಇನ್ನೂ ಸುಲಭ. ಮಾಹಿತಿ ಇರಲಿಲ್ಲವೆನ್ನುವುದು, ಹುಡುಕಿ ಸಿಗದಿದ್ದರೆ ನಿಲ್ಲುವ ಮಾತು. ನಾಲ್ಕು ಪ್ರಶ್ನೆ, ಹತ್ತು ನಿಮಿಷ, ಒಂದು ಪಾನೆಯೂ ಬೇಕಾಗಿರಲಿಲ್ಲ. ಹಳೆಯ ಪ್ಲೇಟು ಕೌಂಟರಿನ ಹಿಂದೆಯೇ ಬಿದ್ದಿತ್ತು, ತೋರಿಸಿ ಎನ್ನಬೇಕಿತ್ತು ಅಷ್ಟೆ. ಅದನ್ನು ಗುಜರಿಗೆ ಹೋಗಲು ಬಿಟ್ಟವನು ನಾನೇ. ಈಗ ಸಂಶಯದ ಲಾಭ ನನಗೆ ಕೊಡಿ ಎಂದು ಕೇಳುವುದು ಯಾವ ಮುಖದಿಂದ?

ಕರೆ ಮಾಡಲು ನನಗೆ ಎರಡು ವಾರ ಬೇಕಾಯಿತು. ನಂಬರ್ ಅದೇ ಇತ್ತು. ಈಗ ಚಾಕಣ ಕಡೆ ಒಂದು ಕಂಪನಿಯ ನೌಕರರನ್ನು ಸಾಗಿಸುವ ಟೆಂಪೊ ಓಡಿಸುತ್ತಾನಂತೆ. ನಡೆದದ್ದನ್ನೆಲ್ಲ ಹೇಳಿದೆ, ತಪ್ಪಾಯಿತು ಅಂದೆ. ಆ ಕಡೆ ಸ್ವಲ್ಪ ಹೊತ್ತು ಗಾಡಿಗಳ ಸದ್ದು.

"ಇರ್ಲಿ ಬಿಡ್ರಿ ಸರ," ಅಂದ. ಆಮೇಲೆ, "ಎಣ್ಣಿ ಬೀಳಾಕತ್ತೈತಿ ಅಂತ ಅಕ್ಕಾರ ಮುಂದ ಹೇಳಿದ್ನೆಲ್ರಿ."

"ಯಾವಾಗ?"

"ದೀಪಾವಳಿ ಮುಂಚೆ. ಪಾರ್ಕಿಂಗಿನ್ಯಾಗ ಗಾಡಿ ಕೆಳಗ ಕಲಿ ಬಿದ್ದಿತ್ತು."

ಹೆಂಡತಿಯನ್ನು ಕೇಳಿದೆ. ಅವಳಿಗೆ ಚೆನ್ನಾಗಿ ನೆನಪಿತ್ತು. ಅವಳು ನನಗೆ ಹೇಳಿದ್ದಳಂತೆ. ಎ.ಸಿ. ನೀರು, ಎಲ್ಲ ಗಾಡಿಯಲ್ಲೂ ಬೀಳುತ್ತದೆ, ಅವನಿಗೇನು ಗೊತ್ತು, ಎಂದು ನಾನು ಲ್ಯಾಪ್‌ಟಾಪಿನಿಂದ ತಲೆಯೆತ್ತದೆ ಅಂದಿದ್ದೆನಂತೆ. ನನಗೆ ಅದು ಸುತರಾಂ ನೆನಪಿಲ್ಲ. ಕೆಳಗಿಳಿದು ನಮ್ಮ ಪಾರ್ಕಿಂಗ್ ಜಾಗ ನೋಡಿದೆ. ಅಂಗೈಯಗಲದ ಕಪ್ಪು ಕಲೆ, ಒಂದರ ಮೇಲೊಂದು ಒಣಗಿ ಗಟ್ಟಿಯಾದದ್ದು. ಅದರ ಮೇಲೆಯೇ ದಿನಾ ಗಾಡಿ ನಿಲ್ಲಿಸುತ್ತಿದ್ದೆ.

ಗುಂಪಿನಲ್ಲಿ ಮತ್ತೆ ಬರೆದೆ. ಈ ಸಲ ಎರಡು ಸಾಲಲ್ಲ, ಸ್ವಲ್ಪ ಉದ್ದಕ್ಕೇ: ಹಿಂದೆ ನಾನು ಒಬ್ಬನ ಬಗ್ಗೆ ಹೀಗೆ ಬರೆದಿದ್ದೆ, ವಿಚಾರಿಸದೆ ಬರೆದಿದ್ದೆ, ಅದನ್ನು ಹಿಂತೆಗೆದುಕೊಳ್ಳುತ್ತೇನೆ. ಮೂವರು ಹೆಬ್ಬೆರಳು ಎತ್ತಿದರು. ಆ ವಯಸ್ಸಾದ ದಂಪತಿ ಅಷ್ಟರಲ್ಲಿ ಫ್ಲ್ಯಾಟ್ ಮಾರಿ ಮಗಳ ಊರಿಗೆ ಹೋಗಿದ್ದರು. ಹೆಚ್ಚಿನವರಿಗೆ ನಾನು ಯಾರ ಬಗ್ಗೆ ಮಾತಾಡುತ್ತಿದ್ದೇನೆಂಬುದೇ ತಿಳಿಯಲಿಲ್ಲ. ಒಬ್ಬರು ಆ ಮಿಸ್ತ್ರಿಯ ನಂಬರ್ ಕೇಳಿದರು.

ಮುರಿದುಕೊಂಡಿದ್ದ ನಾಲ್ಕು ಸಾವಿರವನ್ನು ಫೋನ್‌ಪೇ ಮಾಡಿದೆ. ಹೆಚ್ಚು ಹಾಕಬೇಕೋ ಎಂದು ಬಹಳ ಯೋಚಿಸಿದೆ. ಹೆಚ್ಚು ಹಾಕಿದರೆ ಅದು ನನ್ನ ಔದಾರ್ಯವಾಗಿಬಿಡುತ್ತದೆ, ಅವನ ಹಣವನ್ನು ಮೊದಲು ಅವನ ಹಣವಾಗಿಯೇ ಕೊಡೋಣ ಅನ್ನಿಸಿತು. ಹೋದ ಕೆಲಸಗಳ ಲೆಕ್ಕ ಬೇರೆ, ಅದು ಇನ್ನೂ ನನ್ನ ಹತ್ತಿರವೇ ಇದೆ. ಸಂಜೆ ಅವನೇ ಕರೆ ಮಾಡಿದ.

"ನಾಲ್ಕ ಸಾವಿರ ಬಂತ್ರಿ ಸರ."

"ಹೌದಪ್ಪಾ. ಅದು ನಿಂದ."

"ಹೂಂ ರಿ." ತುಸು ತಡೆದು ಕೇಳಿದ: "ಈಗ ರಿವರ್ಸ್ ಛಲೋ ಬೀಳತೈತೇನ್ರಿ? ಅವಾಗ ಒಮ್ಮೊಮ್ಮೆ ಹಿಡೀತಿತ್ತು."